ರೊಪ್ಪಕ್ಕೆ ಚಿರತೆ ನುಗ್ಗಿದ್ರೆ ಏನ್ ಮಾಡ್ಬೇಕು, ಏನ್ ಮಾಡ್ಬಾರ್ದು

ಜಗಳೂರು ಕಡೆ ನಮ್ಮ ಚಿಕ್ಕಪ್ಪನ ರೊಪ್ಪದಲ್ಲಿ, ಅಂದ್ರೆ ಕುರಿ ಕೂಡೋ ದೊಡ್ಡೀಲಿ, ಒಂದೇ ರಾತ್ರಿ ಮೂರು ಕುರಿ ಹೋದ್ವು. ಬೆಳಗ್ಗೆ ಊರೋರೆಲ್ಲ ಸೇರಿ, ನಮ್ ಕುರಿ ಕಾಯ್ಕೊಳ್ಳೋ ಹಕ್ಕು ನಮಗಿಲ್ವಾ, ಇನ್ನೊಂದ್ಸಲ ಬರ್ಲಿ ಹೊಡೆದಾಕೋಣ ಅಂದ್ರು. ಹಕ್ಕೇನೋ ಇದೆ. ಆದ್ರೆ ಅದು ಕಾಯೋ ಹಕ್ಕು, ಕೊಲ್ಲೋ ಹಕ್ಕಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ 11(2)ನೇ ಸೆಕ್ಷನ್ ಏನ್ ಹೇಳುತ್ತೆ ಅಂದ್ರೆ, ನಿಮ್ಮ ಜೀವಾನೋ ಇನ್ನೊಬ್ಬರ ಜೀವಾನೋ ಉಳಿಸೋಕೆ ನಿಜವಾಗ್ಲೂ ಬೇರೆ ದಾರಿ ಇಲ್ದೆ ಹೊಡೆದು ಪ್ರಾಣಿ ಸತ್ರೆ ಅದು ಅಪರಾಧ ಅಲ್ಲ. ಅಲ್ಲಿರೋದು ಮನುಷ್ಯರ ಮಾತು ಮಾತ್ರ, ಕುರಿ ಮೇಕೆ ದನ ಅದರೊಳಗೆ ಬರಲ್ಲ. ಚಿರತೆ, ತೋಳ, ಕರಡಿ ಮೂರೂ ಷೆಡ್ಯೂಲ್ 1ರಲ್ಲಿವೆ, ಅಂದ್ರೆ ಕಾಯ್ದೆ ಅತಿ ಹೆಚ್ಚು ರಕ್ಷಣೆ ಕೊಡೋ ಪಟ್ಟೀಲಿ, ಕೊಂದ್ರೆ ಕಮ್ಮಿ ಅಂದ್ರೂ 3 ವರ್ಷ ಜೈಲು, 7 ವರ್ಷದವರೆಗೂ ಆಗ್ಬೋದು. ಉರುಳು ಹಾಕೋದು, ಸತ್ತ ಕುರಿಗೆ ವಿಷ ಸವರಿ ಇಡೋದು ಕೂಡ ಬೇಟೆ ಲೆಕ್ಕಕ್ಕೇ ಬರುತ್ತೆ. ಬೇಲಿಗೆ ಕಂಬದಿಂದ ನೇರ ಕರೆಂಟ್ ಎಳೆಯೋರಂತೂ ಮೊದಲು ತಮ್ಮ ಮನೆ ಮಕ್ಕಳನ್ನ ನೆನೆಸ್ಕೊಳ್ಳಲಿ.

ಸರಿ, ಕುರಿ ಸತ್ತಿದೆ, ಬೆಳಗಾಗಿದೆ. ಮೊದಲ ಕೆಲಸ, ಸತ್ತ ಕುರೀನ ಅಲ್ಲಾಡಿಸ್ಬೇಡಿ, ಹೂಳ್ಬೇಡಿ, ಅಂಗಳ ಗುಡಿಸ್ಬೇಡಿ. ಇದನ್ನ ಯಾಕೆ ಒತ್ತಿ ಹೇಳ್ತೀನಿ ಅಂದ್ರೆ ಅವತ್ತು ಚಿಕ್ಕಮ್ಮ ದಿನಾ ಮಾಡೋ ಹಾಗೆ ಎದ್ದ ತಕ್ಷಣ ಕಸ ಗುಡಿಸಿ ಸಗಣಿ ನೀರು ಹಾಕಿಬಿಟ್ಟಿದ್ರು, ಹೆಜ್ಜೆ ಗುರುತು ಪೂರಾ ಮಾಯ, ಆಮೇಲೆ ಬಂದ ಅರಣ್ಯ ಇಲಾಖೆಯೋರು ನೋಡಿ "ನಾಯಿ ಕಚ್ಚಿರ್ಬೋದಲ್ವಾ" ಅಂದಾಗ ಚಿಕ್ಕಪ್ಪನ ಹತ್ರ ತೋರಿಸೋಕೆ ಏನೂ ಇರ್ಲಿಲ್ಲ. ನಾಯಿ ಅಂತ ಆದ್ರೆ ಅರಣ್ಯ ಇಲಾಖೆ ಪರಿಹಾರ ಸಿಗಲ್ಲ. ಅದಕ್ಕೆ ಒಂದು ಒಳ್ಳೆ ಹೆಜ್ಜೆ ಹುಡುಕಿ ಅದರ ಮೇಲೆ ಸಿಮೆಂಟ್ ಬಾಂಡ್ಲಿ ಮಗುಚಿ ಹಾಕಿ. ಫೋಟೋ ತೆಗೆಯೋವಾಗ ಪಕ್ಕದಲ್ಲಿ ಬೆಂಕಿಪೊಟ್ಣ ಇಟ್ರೆ ಸೈಜ್ ಗೊತ್ತಾಗುತ್ತೆ. ಚಿರತೆ ನಡೆಯೋವಾಗ ಉಗುರು ಒಳಗೆ ಎಳ್ಕೊಂಡಿರುತ್ತೆ, ಹೆಜ್ಜೇಲಿ ಉಗುರಿನ ಗುರುತು ಸಾಮಾನ್ಯವಾಗಿ ಕಾಣಲ್ಲ, ನಾಯಿ ತೋಳದ್ದು ಕಾಣುತ್ತೆ. ಗಂಟಲಲ್ಲಿ ಎರಡೆರಡು ಆಳದ ತೂತು ಇದ್ರೆ ಚಿರತೆ ಇರ್ಬೋದು. ಬೀದಿನಾಯಿ ಆದ್ರೆ ತೊಡೆ, ಕಿವಿ ಎಲ್ಲ ಅಲ್ಲಲ್ಲಿ ಹರಿದಾಕಿರುತ್ತೆ.

ಆಮೇಲೆ ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಇಲ್ಲಾ ಹತ್ರದ ಅರಣ್ಯ ರೇಂಜ್ ಆಫೀಸಿಗೆ ಫೋನ್ ಮಾಡಿ, ಅವತ್ತೇ ಮಾಡಿ. ಅವರು ಬಂದು ಮಹಜರು ಮಾಡ್ಬೇಕು, ಅಂದ್ರೆ ಜಾಗ ನೋಡಿ ಬರ್ಕೊಳ್ಬೇಕು, ಪಶು ಡಾಕ್ಟರು ಪೋಸ್ಟ್‌ಮಾರ್ಟಂ ಮಾಡಿ ಸರ್ಟಿಫಿಕೇಟ್ ಕೊಡ್ಬೇಕು. ಅರ್ಜಿ ಜೊತೆ ಆಧಾರ್, ಪಾಸ್‌ಬುಕ್, ಫೋಟೋ ಇರ್ಲಿ, ಕೊಟ್ಟಿದ್ದಕ್ಕೆ ಸ್ವೀಕೃತಿ ಕೇಳಿ ಇಸ್ಕೊಳ್ಳಿ. ಬೋನು ಬೇಕು ಅಂದ್ರೂ ಅಲ್ಲೇ ಕೇಳ್ಬೇಕು, ನೀವೇ ಮಾಡಿಸಿ ಇಡೋ ಹಾಗಿಲ್ಲ.

ಒಂದ್ಸಲ ರುಚಿ ನೋಡಿದ್ದು ಮತ್ತೆ ಬರ್ಬೋದು, ಹಾಗಾಗಿ ಅವತ್ತೇ ರಾತ್ರಿಗೆ ರೊಪ್ಪ ರೆಡಿ ಆಗ್ಬೇಕು. ತೋಳಕ್ಕಾದ್ರೆ ಒತ್ತಾಗಿ ಜಾಲಿ ಮುಳ್ಳಿನ ಬೇಲಿ ಸಾಕಾಗ್ಬೋದು, ಚಿರತೆಗೆ ಆರಡಿ ಗೋಡೆ ಲೆಕ್ಕಕ್ಕಿಲ್ಲ, ಮೇಲೆ ಕಬ್ಬಿಣದ ಮೆಶ್ ಮುಚ್ಚಲೇಬೇಕು. ಬಾಗಿಲ ಸಂದೀಲಿ ತಲೆ ತೂರೋ ಹಾಗಿದ್ರೆ ಅಲ್ಲೂ ಹಲಗೆ ಹೊಡೀರಿ. ಕಾವಲು ನಾಯಿ ಕೊರಳಿಗೆ ಮೊಳೆ ಪಟ್ಟಿ ಕಟ್ಟಿ, ಚಿರತೆ ಹಿಡಿಯೋದೇ ಅಲ್ಲಿ. ಚಿಕ್ಕಪ್ಪ ಮೆಶ್ ಹಾಕಿಸಿದ್ರು, ಪಟ್ಟಿ ನಾಳೆ ತಂದ್ರಾಯ್ತು ಅಂತ ಬಿಟ್ರು, ಆ ವಾರಾನೇ ನಾಯಿ ಹೋಯ್ತು.