ಆರು ಮಾಜಿ ಸೈನಿಕರ ಸ್ವಿಂಗ್ ಬ್ಯಾಂಡ್: ರಂಗದ ಮೇಲೆ ವಾದ್ಯ ಕೂಡಿಸಿದ ಬಗೆ

‘ಬ್ಯಾಂಡ್‌ಸ್ಟ್ಯಾಂಡ್’ ಎಂಬ ಸಂಗೀತ ನಾಟಕದ ಕಥೆ ನಡೆಯುವುದು 1945ರಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ. ಎರಡನೇ ಮಹಾಯುದ್ಧದಿಂದ ಮರಳಿದ ಪಿಯಾನೊ ವಾದಕ ಡಾನಿ ನೊವಿಟ್‌ಸ್ಕಿ ತನ್ನ ಹಾಗೆಯೇ ಯುದ್ಧ ಕಂಡ ಐವರನ್ನು ಸೇರಿಸಿ ಸ್ವಿಂಗ್, ಅಂದರೆ ಆ ಕಾಲದ ಕುಣಿತದ ಜಾಝ್, ನುಡಿಸುವ ಬ್ಯಾಂಡ್ ಕಟ್ಟುತ್ತಾನೆ. ಸತ್ತ ಗೆಳೆಯನ ಹೆಂಡತಿ ಜೂಲಿಯಾ ಅದರ ಹಾಡುಗಾರ್ತಿ. ರಿಚರ್ಡ್ ಒಬರಾಕರ್, ರಾಬರ್ಟ್ ಟೇಲರ್ ಬರೆದ ಈ ನಾಟಕ 2017ರಲ್ಲಿ ನ್ಯೂಯಾರ್ಕ್‌ನ ರಂಗಮಂದಿರಗಳ ನೆಲೆಯಾದ ಬ್ರಾಡ್‌ವೇಗೆ ಬಂತು, ಆಂಡಿ ಬ್ಲಾಂಕೆನ್‌ಬ್ಯೂಲರ್ ಅವರ ನೃತ್ಯ ಸಂಯೋಜನೆಗೆ ಅಮೆರಿಕದ ರಂಗಭೂಮಿಯ ಟೋನಿ ಪ್ರಶಸ್ತಿ ತಂದಿತು. ಅಮೆರಿಕದ ಹವ್ಯಾಸಿ ತಂಡವೊಂದಕ್ಕೆ ಇದರ ಸಂಗೀತ ನಿರ್ದೇಶನ ಮಾಡುವಾಗ ನಾನು ಅನುಸರಿಸಿದ ಕ್ರಮ ಇದು.

ಇಲ್ಲಿ ನಟರೇ ವಾದಕರು. ಪಿಯಾನೊ, ಡಬಲ್ ಬಾಸ್, ಡ್ರಮ್ಸ್, ಟ್ರಂಪೆಟ್, ಟ್ರಾಂಬೋನ್, ಜೊತೆಗೆ ಸ್ಯಾಕ್ಸೊಫೋನ್ ಮತ್ತು ಕ್ಲಾರಿನೆಟ್ ಎರಡನ್ನೂ ನುಡಿಸುವ ಒಬ್ಬ. ಮುಂದೆ ಸ್ವರಲಿಪಿಯ ಸ್ಟ್ಯಾಂಡ್ ಇರುವುದಿಲ್ಲ, ಕೋಲು ಆಡಿಸಿ ವಾದಕರನ್ನು ನಡೆಸುವ ಕಂಡಕ್ಟರೂ ಇಲ್ಲ. ಆದ್ದರಿಂದ ಪಾತ್ರಗಳಿಗೆ ನಟರನ್ನು ಆರಿಸುವಾಗ ಮೊದಲು ಬಾಸ್ ಮತ್ತು ಡ್ರಮ್ಸ್. ಟ್ರಂಪೆಟ್‌ನವನ ಸೋಲೊ ಸ್ವಲ್ಪ ಒರಟಾದರೂ ನಡೆದೀತು, ಈ ಇಬ್ಬರ ಲಯ ಅಲುಗಾಡಿದರೆ ನಾಟಕವೇ ಅಲುಗಾಡುತ್ತದೆ. ಟಿಕ್ ಟಿಕ್ ಎಂದು ಲಯ ಹೇಳುವ ಮೆಟ್ರೊನೋಮ್ ಹಾಕಿ ನಾಲ್ಕು ಪೆಟ್ಟಿನ ನಡೆ ನುಡಿಸಲು ಹೇಳಿ, ನಡುವೆ ಮೆಟ್ರೊನೋಮ್ ನಿಲ್ಲಿಸಿ, ನುಡಿಸುತ್ತಲೇ ಸಂಭಾಷಣೆ ಓದಲು ಹೇಳುತ್ತೇನೆ. ಒಂದು ನಿಮಿಷದ ಬಳಿಕ ಮತ್ತೆ ಮೆಟ್ರೊನೋಮ್ ಹಾಕಿದರೆ ಯಾರ ಲಯ ಓಡಿದೆ ಎಂಬುದು ತಾನಾಗಿ ಗೊತ್ತಾಗುತ್ತದೆ.

ಸ್ವಿಂಗ್ ಕಲಿಸಲು ಒಂದು ಪೆಟ್ಟನ್ನು ಮೂರಾಗಿ ಒಡೆಯುವ ನಮ್ಮ ತಿಶ್ರ ನಡೆಯಷ್ಟು ಸಲೀಸಾದದ್ದು ಇನ್ನೊಂದಿಲ್ಲ. ಪ್ರತಿ ಪೆಟ್ಟಿಗೂ ‘ತ ಕಿ ಟ’ ಹೇಳಿ, ನಡುವಿನ ‘ಕಿ’ಯನ್ನು ನುಂಗಿ: ತ–ಟ, ತ–ಟ. ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ನಿಮಿಷಕ್ಕೆ 120 ಪೆಟ್ಟಿನ ಆಸುಪಾಸಿನಲ್ಲಿ ಈ ಲೆಕ್ಕ ಸರಿ. 200 ದಾಟಿದ ಮೇಲೂ ಹಾಗೇ ಹಿಡಿದರೆ ಕುಂಟಿದಂತೆ ಕೇಳುತ್ತದೆ, ಅಲ್ಲಿ ಎರಡೂ ಹೆಚ್ಚುಕಡಿಮೆ ಸಮವಾಗಬೇಕು. ಚಪ್ಪಾಳೆ 2 ಮತ್ತು 4ನೇ ಪೆಟ್ಟಿಗೆ. ತಾಳದ ಮೊದಲ ಪೆಟ್ಟಾದ ಸಮಕ್ಕೆ ತಟ್ಟಿ ಬೆಳೆದ ನಮ್ಮ ಕೈಗೆ ಇದು ಒಗ್ಗಲು ಹೊತ್ತು ಬೇಕು. 160ರ ಹಾಡಿಗೆ ಮೆಟ್ರೊನೋಮ್ 80ಕ್ಕೆ ಇಟ್ಟು, ಆ ಟಿಕ್ಕನ್ನೇ 2 ಮತ್ತು 4 ಎಂದು ಎಣಿಸಿಕೊಂಡು ಅಭ್ಯಾಸ ಮಾಡಿಸಿ. ಡ್ರಮ್ಮರ್ ಕಾಲಿನಿಂದ ಹೈ-ಹ್ಯಾಟ್, ಅಂದರೆ ಜೋಡಿ ತಾಳ, ಮುಚ್ಚುವುದೂ ಅಲ್ಲೇ. ಕಾಲಿನಿಂದ ಬಾರಿಸುವ ದೊಡ್ಡ ಬಾಸ್ ಡ್ರಮ್ ನಾಲ್ಕೂ ಪೆಟ್ಟಿಗೆ ಬರಲಿ, ಆದರೆ ಕೇಳಿಸಿಯೂ ಕೇಳಿಸದಷ್ಟು. ಅದು ಜೋರಾದರೆ ಡಬಲ್ ಬಾಸ್ ಮುಳುಗಿ ಹೋಗುತ್ತದೆ.

ಈ ನಾಟಕದ ನಿಜವಾದ ಕಷ್ಟ ಬೇರೆ. ಮೊದಲು ಕಲೆತಾಗ ಈ ಆರು ಜನ ಒಂದು ಬ್ಯಾಂಡ್ ಅಲ್ಲ, ಕೊನೆಗೆ ಹೌದು. ಆ ದೂರ ಕಿವಿಗೆ ಕೇಳಬೇಕು. ಹಾಗೆಂದು ಆರಂಭದಲ್ಲಿ ತಪ್ಪು ಸ್ವರ ನುಡಿಸಬಾರದು. ಪಾತ್ರಗಳಿಗೆ ಅಭ್ಯಾಸವಿಲ್ಲ ಎಂದು ಪ್ರೇಕ್ಷಕರು ತಿಳಿಯುವುದಿಲ್ಲ, ನಟನಿಗೆ ಬರುವುದಿಲ್ಲ ಎಂದೇ ತಿಳಿಯುತ್ತಾರೆ. ಪರವಾನಗಿ ಪಡೆದ ಕೃತಿಯ ಸ್ವರಗಳನ್ನು ಬದಲಿಸುವ ಅಧಿಕಾರವೂ ನಮಗಿಲ್ಲ. ನಾನು ಮುಟ್ಟುವುದು ಅವುಗಳನ್ನು ನುಡಿಸುವ, ನಿಲ್ಲಿಸುವ ಬಗೆಯನ್ನು. ಮೊದಲ ಹಾಡುಗಳಲ್ಲಿ ಮೂವರು ಊದುವವರೂ ಉದ್ದ ಸ್ವರವನ್ನು ತಮಗೆ ತೋಚಿದಲ್ಲಿ ಬಿಡುತ್ತಾರೆ, ಒಬ್ಬೊಬ್ಬರೂ ಬೇರೆಬೇರೆ ಕಡೆ ಉಸಿರೆಳೆಯುತ್ತಾರೆ, ಟ್ರಾಂಬೋನ್ ಅರ್ಧ ಪೆಟ್ಟಿನ ಸ್ವರಗಳನ್ನು ಸ್ವಿಂಗ್ ಇಲ್ಲದೆ ನೇರವಾಗಿ ಊದುತ್ತದೆ, ಎಲ್ಲರೂ ಒಂದೇ ಜೋರು. ಆಮೇಲೆ ಒಂದೊಂದನ್ನೇ ಸರಿಪಡಿಸುತ್ತೇನೆ: ಮೊದಲು ಬಾಸ್ ಮತ್ತು ಡ್ರಮ್ಸ್ ಒಂದಾಗುತ್ತವೆ, ಬಳಿಕ ಊದುವವರ ಉಸಿರು, ಕಡೆಗೆ ಸ್ವರ ಬಿಡುವ ಜಾಗ. ಯಾವ ಹಾಡಿನಲ್ಲಿ ಯಾವುದು ಸರಿಯಾಗುತ್ತದೆ ಎಂಬುದನ್ನು ನಿರ್ದೇಶಕರ ಜೊತೆ ಕೂತು ಸ್ಕೋರಿನಲ್ಲೇ ಪೆನ್ಸಿಲ್‌ನಿಂದ ಗುರುತಿಸಿಕೊಳ್ಳಬೇಕು. ಮೂರು ವಾದ್ಯಗಳು ಒಂದೇ ಕ್ಷಣಕ್ಕೆ ನಿಂತಾಗ ಸಂಗೀತದ ಗಂಧವಿಲ್ಲದವನೂ ತಲೆಯೆತ್ತುತ್ತಾನೆ.

ನಟನೆಯೂ ವಾದನವೂ ಡಿಕ್ಕಿ ಹೊಡೆಯುವ ಜಾಗಗಳಿವೆ. ಡ್ರಮ್ಮರ್ ಜಾನಿ ಜೀಪ್ ಅಪಘಾತದಲ್ಲಿ ಗಾಯಗೊಂಡವನು, ಬೆನ್ನು ನೋವಿನವನು. ಆ ನೋವು ಸ್ಟೂಲಿಗೆ ಕೂರುವಾಗ, ಏಳುವಾಗ ಕಾಣಲಿ. ನುಡಿಸುವಾಗಲೂ ಬೆನ್ನು ಬಗ್ಗಿಸಿದರೆ ಪೆಡಲ್ ಮೇಲಿನ ಕಾಲು ತಡವಾಗುತ್ತದೆ. ಗುಂಡಿನ ಸದ್ದಿನ ನೆನಪಿಗೆ ಸ್ನೇರ್ ಡ್ರಮ್ಮಿನ ಒಂದು ರಿಮ್‌ಶಾಟ್ (ಅಂಚು, ಚರ್ಮ ಎರಡಕ್ಕೂ ಒಟ್ಟಿಗೆ ಹೊಡೆದ ಪೆಟ್ಟು) ಸಾಕು, ಧ್ವನಿಮುದ್ರಿತ ಗುಂಡು ಬೇಡ.

ಜಾಗದ ಲೆಕ್ಕವನ್ನು ನೃತ್ಯ ಸಂಯೋಜಕರಿಗೆ ಮೊದಲ ದಿನವೇ ಕೊಡಿ. ಅತಿ ದೂರದ 7ನೇ ಪೊಸಿಷನ್‌ಗೆ ಟ್ರಾಂಬೋನ್‌ನ ಸ್ಲೈಡ್, ಅಂದರೆ ಜಾರುವ ಕೊಳವೆ, ಸುಮಾರು ಎರಡು ಅಡಿ ಮುಂದೆ ಚಾಚುತ್ತದೆ. ನರ್ತಕರು ನುಗ್ಗುವ ದೃಶ್ಯದಲ್ಲಿ ಯಾರ ಮೊಣಕೈ ತಗುಲಿದರೂ ಸ್ಲೈಡ್ ಸೊಟ್ಟಗಾಗುತ್ತದೆ, ಆ ರಾತ್ರಿ ಅದು ರಿಪೇರಿಯಾಗುವುದಿಲ್ಲ. ಸ್ಯಾಕ್ಸೊಫೋನ್‌ನಿಂದ ಕ್ಲಾರಿನೆಟ್‌ಗೆ ಬದಲಾಗುವವನಿಗೆ ವಾದ್ಯದ ಸ್ಟ್ಯಾಂಡ್ ಕೈಗೆಟುಕುವಲ್ಲೇ ಇರಬೇಕು. ಊದುವ ತುದಿಯ ತೆಳು ಪಟ್ಟಿಯಾದ ರೀಡ್ ಒಣಗಿದರೆ ಮೊದಲ ಸ್ವರವೇ ಕಿರುಚುತ್ತದೆ, ಹಾಗಾಗಿ ಮೌತ್‌ಪೀಸ್ ಮೇಲೆ ಕ್ಯಾಪ್ ಹಾಕಿಡಬೇಕು.

ಶ್ರುತಿ ಪಿಯಾನೊದ್ದು, ಅದನ್ನು ಬದಲಿಸಲಾಗದು. ಊದುವ ವಾದ್ಯ ತಣ್ಣಗಾದಾಗ ಶ್ರುತಿ ಇಳಿಯುತ್ತದೆ, ಬಿಸಿಯಾದಾಗ ಏರುತ್ತದೆ. ಉದ್ದದ ಮಾತಿನ ದೃಶ್ಯ ಮುಗಿಯುತ್ತಲೇ ಹಾಡಿದ್ದರೆ ಅದಕ್ಕೆ ಮೊದಲು ಸದ್ದಿಲ್ಲದೆ ವಾದ್ಯದೊಳಗೆ ಉಸಿರು ಬಿಡುತ್ತಿರಬೇಕು. ಬಾಯಿಗೆ ಸಿಕ್ಕಿಸಿ ಸದ್ದು ತಗ್ಗಿಸುವ ಹಾರ್ಮನ್ ಮ್ಯೂಟ್ ಹಾಕಿದರೆ ಟ್ರಂಪೆಟ್ ಶ್ರುತಿ ಏರುತ್ತದೆ, ಶ್ರುತಿ ಹೊಂದಿಸುವ ಕೊಳವೆಯಾದ ಟ್ಯೂನಿಂಗ್ ಸ್ಲೈಡ್ ಕೊಂಚ ಹೊರಗೆಳೆಯಬೇಕು. ಡಬಲ್ ಬಾಸ್‌ಗೆ ಆ ಕಾಲದ ಕರುಳಿನ ತಂತಿ ಹಾಕಿಸುವ ಆಸೆ ಬಿಡಿ, ರಂಗದ ದೀಪಗಳ ಕೆಳಗೆ ಅದರ ಶ್ರುತಿ ನಿಲ್ಲುವುದಿಲ್ಲ. ಉಕ್ಕಿನ ತಂತಿ, ತಂತಿ ಹೊರುವ ಬ್ರಿಡ್ಜ್‌ನಲ್ಲಿ ಅಡಗಿಸಿದ, ನಾದ ಹಿಡಿಯುವ ಪಿಕಪ್ ಸಾಕು.

ಜೂಲಿಯಾ ಮುಂದೆ ನಿಲ್ಲಿಸಿದ ದೊಡ್ಡ ಮೈಕ್ ತೋರಿಕೆಗೆ. ನಿಜವಾದದ್ದು ಅವಳ ಹಣೆಯಂಚಿನ ಕೂದಲಲ್ಲಿ. ಅವಳ ಬೆನ್ನ ಹಿಂದೆಯೇ ಟ್ರಂಪೆಟ್ ನಿಂತರೆ ಆ ಸಣ್ಣ ಮೈಕ್ ಟ್ರಂಪೆಟ್ಟನ್ನೇ ಹಿಡಿಯುತ್ತದೆ, ಧ್ವನಿ ಏರಿಸಿದಷ್ಟೂ ಹಾಡು ಕಳೆದುಹೋಗುತ್ತದೆ. ಊದುವವರು ಓರೆಯಾಗಿ, ವಾದ್ಯದ ಅಗಲ ಬಾಯಿ ರಂಗದ ಬದಿಗೆ ತಿರುಗಿಸಿ ನಿಲ್ಲಲಿ.

ಎಣಿಸಿ ಹಾಡು ಶುರು ಮಾಡಿಸುವ ಎತ್ತುಗಡೆ ಡಾನಿಯದು. ಪಿಯಾನೊ ಇಟ್ಟ ಕೋನದಿಂದ ಡ್ರಮ್ಮರ್‌ಗೆ ಅವನ ತಲೆ ಕಾಣದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಎಣಿಸುವ ಮುನ್ನ ಡಾನಿ ಆ ಹಾಡಿನ ಅತಿ ದಟ್ಟ ಸಾಲನ್ನು ಮನಸ್ಸಿನಲ್ಲೇ ಹಾಡಿಕೊಳ್ಳಲಿ. ಮಾತಿನ ಬಿರುಸಿನಲ್ಲಿ ಎಣಿಸಿದರೆ ಕಾಲಪ್ರಮಾಣ ಏರಿಯೇ ಏರುತ್ತದೆ, ಆಮೇಲೆ ನರ್ತಕರು ಓಡುತ್ತಲೇ ಇರಬೇಕಾಗುತ್ತದೆ.

ಬದಲಿ ನಟರು ಸಿಗುವುದು ಇಲ್ಲಿ ದುರ್ಲಭ. ತುಟಿ ಬಾತರೆ ಟ್ರಂಪೆಟ್‌ನವನು ಆ ದಿನಕ್ಕೆ ಇಲ್ಲವೆಂದೇ ಲೆಕ್ಕ. ಆದ್ದರಿಂದ ನಿರ್ಮಾಪಕರು ಎಷ್ಟು ಗೊಣಗಿದರೂ ಪರದೆಯ ಹಿಂದೆ ಸ್ವರಲಿಪಿಯೊಂದಿಗೆ ಇನ್ನೊಬ್ಬ ಟ್ರಂಪೆಟ್ ವಾದಕನನ್ನು ಕೂರಿಸಿ, ಅವನಿಗೊಂದು ಮೈಕ್ ಮತ್ತು ಡಾನಿ ಕಾಣುವ ಪುಟ್ಟ ವಿಡಿಯೊ ಪರದೆ ಕೊಡಿ. ಅಂಥ ದಿನ ರಂಗದ ಮೇಲಿನವನು ಬೆರಳಷ್ಟೇ ಆಡಿಸಲಿ.