ನಕ್ಷೆ ಹಾಸಿಕೊಂಡು ಕೂತ ಮಾತುಗಳು

ಮೊದಲ ಸಂದರ್ಶನವನ್ನು ಹಾಳು ಮಾಡಿದ್ದು ನಾನೇ. ಬೆಟ್ಟದಲ್ಲಿ ಚಾರಣದ ದಾರಿ ಕಡಿದವರಲ್ಲಿ ಒಬ್ಬರು, ಎಪ್ಪತ್ತು ದಾಟಿದ ಹಿರಿಯರು, ಬೆಟ್ಟದ ನೆತ್ತಿಯ ಬಂಡೆ ಮೇಲೆ ಕೂತು ಒಂದೂವರೆ ಗಂಟೆ ಮಾತಾಡಿದರು. ಮನೆಗೆ ಬಂದು ರೆಕಾರ್ಡಿಂಗ್ ಕೇಳಿದರೆ ಅರ್ಧ ಬರೀ ಗಾಳಿ. ಉಳಿದರ್ಧದ ತುಂಬ ನನ್ನದೇ "ಹ್ಞೂಂ, ಹ್ಞೂಂ, ಹೌದಾ!"

ವಾರಗಟ್ಟಲೆ ನಡೆಯಬೇಕಾದ ಒಂದು ಚಾರಣ ದಾರಿ ಅದು. ಅದರ ಕತೆಯನ್ನು ಕಡಿದವರ, ಮರ, ಬಂಡೆಗಳಿಗೆ ಬಣ್ಣದ ದಾರಿಗುರುತು ಬಳಿದವರ, ನಡೆದವರ ಬಾಯಿಂದಲೇ ದಾಖಲಿಸಬೇಕು ಅಂತ ಹೊರಟಿದ್ದೆ. ಕೇಳೋದು ತಾನೇ, ಅದರಲ್ಲೇನು ಕಲಿಯೋದಿದೆ ಅಂದುಕೊಂಡಿದ್ದೆ.

ಆಮೇಲೆ ಓದುತ್ತಾ ಹೋದಾಗ ಒಂದು ವರ್ಷ ಎರಡು ಸಲ ಕಣ್ಣಿಗೆ ಬಿತ್ತು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇತಿಹಾಸಕಾರ ಅಲನ್ ನೆವಿನ್ಸ್ ಮೌಖಿಕ ಇತಿಹಾಸದ, ಅಂದರೆ ಜನರ ನೆನಪನ್ನು ಅವರ ಮಾತಲ್ಲೇ ದಾಖಲಿಸುವ ಕೆಲಸ ಶುರು ಮಾಡಿದ್ದು 1948ರಲ್ಲಿ. ಅರ್ಲ್ ಶಾಫರ್ ಅಮೆರಿಕದ ಉದ್ದನೆಯ ಚಾರಣ ದಾರಿ ಅಪಲಾಚಿಯನ್ ಟ್ರೇಲನ್ನು ಒಂದೇ ಪಯಣದಲ್ಲಿ ನಡೆದು ಮುಗಿಸಿದ್ದೂ ಅದೇ ವರ್ಷ. ಪೂರ್ತಿ ನಡೆದೆ ಅನ್ನೋ ಶಾಫರ್ ಅವರ ಮಾತನ್ನು ಬೇರೆಯವರು ಮೊದಲಿಗೆ ಅನುಮಾನದಿಂದಲೇ ನೋಡಿದ್ದರು. ಒಬ್ಬರ ನೆನಪನ್ನು ಎಷ್ಟು ನಂಬಬೇಕು ಅನ್ನೋ ಪ್ರಶ್ನೆ ನನಗೂ ಮುಂದೆ ಕಾದಿತ್ತು.

ಯಂತ್ರದ ವಿಷಯ ಬೇಗ ಸರಿಹೋಯಿತು. ಕಾಲರಿಗೆ ಸಿಕ್ಕಿಸುವ ಮೈಕು, ಅದಕ್ಕೆ ತುಪ್ಪಟದ ಗಾಳಿತಡೆ, ಕಿವಿಗೆ ಹೆಡ್‌ಫೋನ್. 24 ಬಿಟ್, 48 ಕಿಲೋಹರ್ಟ್ಸ್‌ನ ವೇವ್ ಫೈಲ್ ಸ್ಟೀರಿಯೊದಲ್ಲಿ ಗಂಟೆಗೆ ಸುಮಾರು 1 ಜಿಬಿ ತಿನ್ನುತ್ತದೆ. ಸಂಜೆಯೇ ಎರಡು ಕಡೆ ನಕಲು ಮಾಡಿಡುತ್ತಿದ್ದೆ. "ಹ್ಞೂಂ" ಅನ್ನೋ ಬದಲು ತಲೆಯಾಡಿಸೋದನ್ನು ಕಲಿಯೋಕೆ ಮಾತ್ರ ಜಾಸ್ತಿ ದಿನ ಬೇಕಾಯಿತು.

ನಡೆಯುತ್ತಾ ಮಾತಾಡಿಸಿದರೆ ಚೆನ್ನ ಅಂದುಕೊಂಡಿದ್ದೂ ಅರ್ಧ ಸುಳ್ಳಾಯಿತು. ಏರು ಬಂದರೆ ಮಾತು ನಿಂತು ಏದುಸಿರೊಂದೇ ಉಳಿಯುತ್ತದೆ. ಕೊನೆಗೆ ನಡೆದು ನೋಡೋದು ಒಂದು ದಿನ, ಕೂತು ಮಾತಾಡೋದು ಇನ್ನೊಂದು ದಿನ ಅಂತ ಮಾಡಿಕೊಂಡೆ. ಕೂತಾಗ ಮಧ್ಯೆ ದೊಡ್ಡ ನಕ್ಷೆ ಹಾಸುತ್ತಿದ್ದೆ. "ಈ ದಾರಿ ಬಗ್ಗೆ ಹೇಳಿ" ಅಂದರೆ ಎರಡು ವಾಕ್ಯ ಹೇಳಿ ಸುಮ್ಮನಾಗುತ್ತಿದ್ದವರು, ನಕ್ಷೆ ಮೇಲೆ ಬೆರಳಿಟ್ಟರೆ ನಿಲ್ಲಿಸುತ್ತಲೇ ಇರಲಿಲ್ಲ. ಆದರೆ "ಇಲ್ಲೇ ನೋಡಿ, ಇಲ್ಲಿಂದ ಇಲ್ಲಿಗೆ" ಅನ್ನೋದು ಧ್ವನಿಯಲ್ಲಿ ಎಲ್ಲಿ ಅಂತ ಗೊತ್ತಾಗಬೇಕಲ್ವಾ? ಹಾಗಾಗಿ "ಮೂರನೇ ತೊರೆ ದಾಟಿದ ಮೇಲೆ, ಅಲ್ವಾ?" ಅಂತ ನಾನು ಬಾಯಿಬಿಟ್ಟು ಹೇಳಬೇಕಾಯಿತು. ಬಾಯಿಬಿಡಬೇಕಾದ ಜಾಗ ಅದೊಂದೇ.

ಆ ತೊರೆಯ ಕಾಲುಸೇತುವೆ ಕೊಚ್ಚಿಹೋದ ವರ್ಷವನ್ನು ಇಬ್ಬರು ಬೇರೆ ಬೇರೆ ಹೇಳಿದರು. ಹಳೆಯ ಕೆಲಸದ ಪುಸ್ತಕದಲ್ಲಿ ಮೂರನೆಯದೇ ವರ್ಷ. ಇಬ್ಬರನ್ನೂ ತಿದ್ದಲು ಹೊರಟಿದ್ದೆ. ಅಷ್ಟರಲ್ಲಿ ಇಟಲಿಯ ಮೌಖಿಕ ಇತಿಹಾಸಕಾರ ಅಲೆಸಾಂದ್ರೊ ಪೋರ್ತೆಲ್ಲಿ ಕಂಡುಕೊಂಡಿದ್ದನ್ನು ಓದಿದೆ. ತೆರ್ನಿ ಪಟ್ಟಣದ ಉಕ್ಕಿನ ಕಾರ್ಮಿಕ ಲುಯಿಜಿ ತ್ರಾಸ್ತುಲ್ಲಿ 1949ರಲ್ಲಿ, ನೇಟೊ ಸೇನಾ ಒಕ್ಕೂಟದ ವಿರುದ್ಧದ ಪ್ರತಿಭಟನೆಯಲ್ಲಿ ಸತ್ತರು. ಜೊತೆಗಾರರಲ್ಲಿ ಹಲವರು ಅದನ್ನು ನೆನೆದದ್ದು 1953ಕ್ಕೆ, ಕಾರ್ಮಿಕರನ್ನು ಕೆಲಸದಿಂದ ತೆಗೆದಾಗ ನಡೆದ ಗಲಾಟೆಗೆ ಸೇರಿಸಿ. ತಪ್ಪನ್ನು ಪೋರ್ತೆಲ್ಲಿ ಎಸೆಯಲಿಲ್ಲ, ಅದು ಯಾಕೆ ಹಾಗಾಯಿತು ಅಂತ ಕೇಳಿದರು.

ನಾನೂ ಮತ್ತೆ ಹೋದೆ. ಗುರುತು ಬಳಿಯುತ್ತಿದ್ದ ಹಿರಿಯ ಹೆಂಗಸನ್ನು "ಆ ವರ್ಷ ಇನ್ನೇನಾಗಿತ್ತು?" ಅಂತ ಕೇಳಿದೆ. ಅವರು ನಕ್ಷೆ ಮೇಲಿಂದ ಬೆರಳು ತೆಗೆದರು. ತುಂಬ ಹೊತ್ತು ಏನೂ ಹೇಳಲಿಲ್ಲ. ನಾನೂ ತಲೆಯಾಡಿಸಲಿಲ್ಲ. ಜೊತೆಗೆ ಬಣ್ಣದ ಡಬ್ಬ ಹಿಡಿದು ನಡೆಯುತ್ತಿದ್ದ ಗೆಳತಿ ತೀರಿಕೊಂಡ ವರ್ಷವಂತೆ ಅದು.

ಒಪ್ಪಿಗೆ ಪತ್ರಕ್ಕೆ ಅವರು ಸಹಿ ಹಾಕಿದ್ದು ಬರಹಕ್ಕಿಳಿಸಿದ್ದನ್ನು ಪೂರ್ತಿ ಓದಿದ ಮೇಲೆ. ಒಂದೇ ತಿದ್ದುಪಡಿ ಕೇಳಿದರು. ನಾನು ಆ ಮೌನವನ್ನು ಬಿಟ್ಟು ಪ್ರಶ್ನೆಯ ಕೆಳಗೇ ಉತ್ತರ ಬರೆದಿದ್ದೆ. "ನಾನು ಅಷ್ಟು ಬೇಗ ಹೇಳಲಿಲ್ಲ" ಅಂದರು. ಮತ್ತೆ ಕೇಳಿ, ಎಣಿಸಿ, ಆ ಜಾಗದಲ್ಲಿ "ಮೌನ, 14 ಸೆಕೆಂಡು" ಅಂತ ಸೇರಿಸಿದೆ.