ಎಲೆಯಲ್ಲಿ ಪಿಷ್ಟ, ರಾಗಿ ಮೊಳಕೆಯಲ್ಲಿ ಕಿಣ್ವ: ಮನೆಯಲ್ಲೇ ಪರೀಕ್ಷಿಸುವುದು ಹೇಗೆ?

ಪಿಷ್ಟಕ್ಕೆ ಅಯೋಡಿನ್ ಹಾಕಿದರೆ ನೀಲಿ-ಕಪ್ಪು ಬಣ್ಣ ಬರುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಿದ ಎಷ್ಟೋ ಮಕ್ಕಳು ಆ ಬಣ್ಣವನ್ನು ಕಣ್ಣಾರೆ ಕಂಡಿರುವುದಿಲ್ಲ. ಬೆಂಗಳೂರಿನ ಮನೆಗಳಲ್ಲಿ ಇದಕ್ಕೆ ಬೇಕಾದುದೆಲ್ಲ ಸುಲಭವಾಗಿ ಸಿಗುತ್ತದೆ: ಟೆರೇಸಿನ ಕುಂಡದಲ್ಲೊಂದು ದಾಸವಾಳ, ಡಬ್ಬಿಯಲ್ಲಿ ರಾಗಿ. ಮೆಡಿಕಲ್ ಶಾಪಿನಿಂದ ತರಬೇಕಾದದ್ದು ಎರಡೇ, ಪೊವಿಡೋನ್ ಅಯೋಡಿನ್ ದ್ರಾವಣ ಮತ್ತು ಸರ್ಜಿಕಲ್ ಸ್ಪಿರಿಟ್. ಅಯೋಡಿನ್‌ಗೆ ನೀರು ಬೆರೆಸಿ ತಿಳಿ ಕಂದು ಬಣ್ಣಕ್ಕೆ ತನ್ನಿ. ಅದು ತಾಗಿದ ಆಹಾರವನ್ನು ತಿನ್ನಬಾರದು. ಬಟ್ಟೆಗೆ ಹತ್ತಿದರೆ ಕಲೆಯಾಗುತ್ತದೆ.

ಮೊದಲು ಎಲೆ

ದಾಸವಾಳದ ಕುಂಡವನ್ನು ಎರಡು ದಿನ ಕತ್ತಲೆ ಕೋಣೆಯಲ್ಲಿಡಿ. ಬೆಳಕಿಲ್ಲದಾಗ ಗಿಡ ಎಲೆಯಲ್ಲಿ ಕೂಡಿಟ್ಟ ಪಿಷ್ಟವನ್ನು ಖರ್ಚು ಮಾಡಿ ಮುಗಿಸುತ್ತದೆ. ಮೂರನೆಯ ದಿನ ಬೆಳಿಗ್ಗೆ ಒಂದು ಎಲೆಯ ನಡುವೆ, ಮೇಲೆ ಕೆಳಗೆ ಎರಡೂ ಕಡೆ, ಅಲ್ಯೂಮಿನಿಯಂ ಫಾಯಿಲ್ ಪಟ್ಟಿ ಸುತ್ತಿ ಕುಂಡವನ್ನು ಬಿಸಿಲಿಗಿಡಿ. ಸಂಜೆ ಆ ಎಲೆಯನ್ನು ಕಿತ್ತು, ಪಟ್ಟಿ ತೆಗೆದು, ಕುದಿಯುವ ನೀರಿನಲ್ಲಿ ಎರಡು ನಿಮಿಷ ಹಾಕಿ.

ಇನ್ನು ಮುಂದಿನದು ದೊಡ್ಡವರ ಕೆಲಸ. ಒಲೆಯನ್ನು ಪೂರ್ತಿ ಆರಿಸಿ. ಸ್ಟೀಲ್ ಲೋಟದಲ್ಲಿ ಸ್ಪಿರಿಟ್ ಹಾಕಿ, ಎಲೆಯನ್ನು ಅದರಲ್ಲಿ ಮುಳುಗಿಸಿ, ಲೋಟವನ್ನು ಬಿಸಿನೀರಿನ ಪಾತ್ರೆಯೊಳಗೆ ನಿಲ್ಲಿಸಿ. ಸ್ಪಿರಿಟ್ಟಿಗೆ ಬೆಂಕಿ ಬಹಳ ಬೇಗ ಹತ್ತುತ್ತದೆ, ಹಾಗಾಗಿ ಹತ್ತಿರದಲ್ಲಿ ದೀಪವೂ ಉರಿಯುತ್ತಿರಬಾರದು. ಎಲೆಗೆ ಹಸಿರು ಬಣ್ಣ ಕೊಡುವ ಪತ್ರಹರಿತ್ತು ಸ್ಪಿರಿಟ್ಟಿಗೆ ಇಳಿದು, ದ್ರವ ಹಸಿರಾಗಿ ಎಲೆ ಬಿಳಿಚಿಕೊಳ್ಳುತ್ತದೆ. ಆಗ ಎಲೆ ಹಪ್ಪಳದಂತೆ ಗರಿಗರಿಯಾಗಿ ಮುರಿಯುವ ಹಾಗಿರುತ್ತದೆ. ಮತ್ತೆ ಬಿಸಿನೀರಿನಲ್ಲಿ ಅದ್ದಿದರೆ ಮೆತ್ತಗಾಗುತ್ತದೆ. ದಾಸವಾಳದ ಲೋಳೆ ಅಂಟಿಕೊಂಡಿರುತ್ತದೆ, ಅದನ್ನೂ ತೊಳೆಯಿರಿ. ಬಿಳಿ ತಟ್ಟೆಯಲ್ಲಿ ಹರಡಿ ಅಯೋಡಿನ್ ಹನಿಸಿದರೆ ಬಿಸಿಲು ಬಿದ್ದ ಭಾಗ ಕಪ್ಪಾಗುತ್ತಾ ಬರುತ್ತದೆ. ಪಟ್ಟಿ ಇದ್ದ ಜಾಗ ಹಳದಿ-ಕಂದಾಗಿಯೇ ಉಳಿಯುತ್ತದೆ. ಜರ್ಮನಿಯ ಸಸ್ಯವಿಜ್ಞಾನಿ ಯೂಲಿಯಸ್ ಸ್ಯಾಕ್ಸ್ 1860ರ ದಶಕದಲ್ಲಿ, ಎಲೆಯಲ್ಲಿ ಪಿಷ್ಟ ಕಟ್ಟಲು ಬೆಳಕು ಬೇಕೆಂದು ತೋರಿಸಿದ್ದು ಇದೇ ಅಯೋಡಿನ್ ಪರೀಕ್ಷೆಯಿಂದ.

ಒಳಗೆ ನಡೆದದ್ದು ಇಷ್ಟು. ಎಲೆಯ ಜೀವಕೋಶದೊಳಗಿನ ಹಸಿರು ಕಣವಾದ ಕ್ಲೋರೊಪ್ಲಾಸ್ಟ್ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹಿಡಿದು ಸಕ್ಕರೆ ಮಾಡುತ್ತದೆ. ಅದರಲ್ಲಿ ಒಂದು ಪಾಲು ಎಡಿಪಿ-ಗ್ಲೂಕೋಸ್ ಎಂಬ ರೂಪ ತಾಳುತ್ತದೆ. ಸ್ಟಾರ್ಚ್ ಸಿಂಥೇಸ್ ಎಂಬ ಕಿಣ್ವ (ಎಂಜೈಮ್, ಅಂದರೆ ಜೀವಿಗಳಲ್ಲಿ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು) ಅದರಿಂದ ಗ್ಲೂಕೋಸನ್ನು ಒಂದೊಂದಾಗಿ ತೆಗೆದು ಸರಪಳಿಗೆ ಸೇರಿಸುತ್ತದೆ; ಇನ್ನೊಂದು ಕಿಣ್ವ ನಡುನಡುವೆ ಕವಲು ಹಾಕುತ್ತದೆ. ಕವಲು ತೀರ ಕಡಿಮೆಯಿರುವ ಸರಪಳಿ ಅಮೈಲೋಸ್, ಕವಲೊಡೆದದ್ದು ಅಮೈಲೊಪೆಕ್ಟಿನ್. ಸಾಮಾನ್ಯ ಪಿಷ್ಟದಲ್ಲಿ ಅಮೈಲೋಸ್ ಸುಮಾರು ಕಾಲು ಭಾಗ. ಅದು ಸುರುಳಿ ಸುತ್ತಿಕೊಂಡಿರುತ್ತದೆ, ಸುತ್ತಿಗೆ ಸುಮಾರು ಆರು ಗ್ಲೂಕೋಸ್. ಅಯೋಡಿನ್ ಆ ಸುರುಳಿಯೊಳಗೆ ಹೋಗಿ ಕೂತಾಗಲೇ ಕಡುನೀಲಿ ಬಣ್ಣ ಹುಟ್ಟುವುದು. ಎಲ್ಲ ಎಲೆಯೂ ಹೀಗೆ ಕಪ್ಪಾಗುತ್ತದೆ ಎಂದುಕೊಳ್ಳಬೇಡಿ. ಈರುಳ್ಳಿ ಸೊಪ್ಪು ಎಲೆಯಲ್ಲಿ ಪಿಷ್ಟ ಕಟ್ಟುವುದಿಲ್ಲ.

ಸೂಕ್ಷ್ಮದರ್ಶಕ ಸಿಕ್ಕರೆ ಹೆಚ್ಚಿದ ಆಲೂಗಡ್ಡೆಯ ಮೈಯನ್ನು ಚಾಕುವಿನಿಂದ ಮೆಲ್ಲಗೆ ಕೆರೆದು, ಬಂದ ರಸವನ್ನು ಒಂದು ಹನಿ ನೀರಿನಲ್ಲಿ ನೋಡಿ. ಮೊಟ್ಟೆಯಾಕಾರದ ಕಣಗಳು, ಒಂದು ತುದಿಗೆ ಸರಿದ ಚುಕ್ಕೆ, ಅದರ ಸುತ್ತ ಪದರ ಪದರವಾಗಿ ಉಂಗುರಗಳು. ಎಲೆಯಲ್ಲಿ ತಯಾರಾದ ಸಕ್ಕರೆ ಗಡ್ಡೆಗೆ ಇಳಿದು ಇಲ್ಲಿ ಮತ್ತೆ ಪಿಷ್ಟವಾಗಿದೆ.

ಈಗ ರಾಗಿ

ಕಟ್ಟಿದ್ದನ್ನು ಬಿಡಿಸುವ ಕಿಣ್ವ ಅಮೈಲೇಸ್. ನಮ್ಮ ಜೊಲ್ಲಿನಲ್ಲೂ ಇದೆ, ಆದರೆ ನನಗೆ ಮೊಳಕೆ ರಾಗಿಯೇ ಹೆಚ್ಚು ಇಷ್ಟ. ಕಾಳಿನಲ್ಲಿ ಪಿಷ್ಟವನ್ನು ಕಟ್ಟಿಟ್ಟದ್ದು ಗಿಡ, ಅದನ್ನು ಬಿಡಿಸಿ ಉಣ್ಣುವುದು ಅದರದೇ ಮೊಳಕೆ. ರಾಗಿಯನ್ನು ರಾತ್ರಿ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಮೊಳಕೆ ಚೆನ್ನಾಗಿ ಬರಲು ಎರಡು ಮೂರು ದಿನ ಹಿಡಿಯಬಹುದು. ಡಿಸೆಂಬರಿನ ಚಳಿಯಲ್ಲಿ ಇನ್ನೂ ನಿಧಾನ. ಬಿಸಿಲಿನಲ್ಲಿ ಒಣಗಿಸಿ ಬೀಸಿ. ಹುರಿಯಬೇಡಿ. ಮಗುವಿನ ರಾಗಿ ಸರಿಗೆ ಹುರಿಯುವವರಿದ್ದಾರೆ, ಘಮ ಬರುವುದೂ ನಿಜ, ಆದರೆ ಆ ಬಿಸಿಗೆ ಕಿಣ್ವ ಕೆಟ್ಟುಹೋಗುತ್ತದೆ. ಅಂಗಡಿಯ ಮಾಲ್ಟ್ ಪುಡಿ ಹುರಿದದ್ದಾಗಿದ್ದರೆ ಅದರಿಂದಲೂ ಫಲವಿಲ್ಲ.

ಎರಡು ಚಮಚ ಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಕಲಸಿ, ಅರ್ಧ ಗಂಟೆ ಬಿಟ್ಟು ಬಟ್ಟೆಯಲ್ಲಿ ಸೋಸಿ. ಇದು ಕಿಣ್ವದ ನೀರು. ಇದರಲ್ಲಿ ಅರ್ಧವನ್ನು ಬೇರೆ ಪಾತ್ರೆಯಲ್ಲಿ ಐದು ನಿಮಿಷ ಕುದಿಸಿ ಆರಿಸಿ. ಇನ್ನೊಂದೆಡೆ ಒಂದು ಸಣ್ಣ ಚಮಚ ಕಾರ್ನ್‌ಫ್ಲೋರನ್ನು ಎರಡು ಲೋಟ ನೀರಿನಲ್ಲಿ ಕದಡಿ ತೆಳು ಗಂಜಿ ಕಾಯಿಸಿ, ಬಟ್ಟಲು ಕೈಯಲ್ಲಿ ಹಿಡಿಯುವಷ್ಟು ಆರಲು ಬಿಡಿ. ಗಂಜಿಯನ್ನು ಎರಡು ಬಟ್ಟಲಿಗೆ ಸಮನಾಗಿ ಹಂಚಿ, ಒಂದಕ್ಕೆ ಕುದಿಸದ ಕಿಣ್ವದ ನೀರು ನಾಲ್ಕು ಚಮಚ, ಇನ್ನೊಂದಕ್ಕೆ ಕುದಿಸಿದ್ದು ಅಷ್ಟೇ ಹಾಕಿ.

ಬಿಳಿ ತಟ್ಟೆಯಲ್ಲಿ ಅಯೋಡಿನ್ ಹನಿಗಳನ್ನು ಸಾಲಾಗಿ ಇಡಿ. ಎರಡೆರಡು ನಿಮಿಷಕ್ಕೊಮ್ಮೆ ಪ್ರತಿ ಬಟ್ಟಲಿನಿಂದ ಒಂದು ಹನಿ ತೆಗೆದು ಅದಕ್ಕೆ ಸೇರಿಸಿ. ಚಮಚ ಎರಡಕ್ಕೂ ಬೇರೆ ಬೇರೆ ಇರಲಿ. ಮೊದಲ ಬಟ್ಟಲಿನ ಹನಿಗಳು ನೀಲಿಯಿಂದ ನೇರಳೆಗೆ, ನೇರಳೆಯಿಂದ ಕೆಂಗಂದಿಗೆ ತಿರುಗಿ, ಕೊನೆಗೆ ಅಯೋಡಿನ್‌ನ ಸ್ವಂತ ಬಣ್ಣವೇ ಉಳಿಯುತ್ತದೆ. ಆಲ್ಫಾ ಅಮೈಲೇಸ್ ಸರಪಳಿಯನ್ನು ನಡುವೆ ಎಲ್ಲೆಂದರಲ್ಲಿ ಕತ್ತರಿಸುತ್ತದೆ. ಬೀಟಾ ಅಮೈಲೇಸ್ ತುದಿಯಿಂದ ಎರಡೆರಡು ಗ್ಲೂಕೋಸಿನ ಮಾಲ್ಟೋಸ್ ಕಳಚುತ್ತದೆ. ತುಂಡು ಚಿಕ್ಕದಾದಂತೆ ಸುರುಳಿ ನಿಲ್ಲದು, ಬಣ್ಣವೂ ನಿಲ್ಲದು. ಮೊಳಕೆ ಬಾರ್ಲಿಯಿಂದ ಇಂಥ ಕಿಣ್ವವನ್ನು 1833ರಲ್ಲಿ ಮೊದಲು ಬೇರ್ಪಡಿಸಿದವರು ಫ್ರಾನ್ಸಿನ ರಸಾಯನಶಾಸ್ತ್ರಜ್ಞರಾದ ಪಾಯೆನ್ ಮತ್ತು ಪೆರ್ಸೊ.

ಸಮಯ ಉಳಿಸಲೆಂದು ಎರಡನೆಯ ಬಟ್ಟಲನ್ನು ದಯವಿಟ್ಟು ಬಿಡಬೇಡಿ. ನೀಲಿ ಮಾಯವಾಗಲು ಬೇರೆ ದಾರಿಗಳೂ ಇವೆ. ಅದೇ ಗಂಜಿಗೆ ಅಯೋಡಿನ್ ಹಾಕಿ, ಮೇಲೆ ನಿಂಬೆರಸ ಹಿಂಡಿ ನೋಡಿ, ಬಣ್ಣ ಹೋಗುತ್ತದೆ. ಅಲ್ಲಿ ಪಿಷ್ಟ ಜೀರ್ಣವಾಗಿಲ್ಲ, ನಿಂಬೆಯ ವಿಟಮಿನ್ ಸಿ ಅಯೋಡಿನ್ನನ್ನೇ ಬದಲಿಸಿದೆ. ರಾಗಿ ನೀರಿನಲ್ಲೂ ಅಂಥದ್ದೇನಾದರೂ ಇದ್ದು ಬಣ್ಣ ಕಳೆದಿರಬಹುದಲ್ಲ ಎಂದು ಮಗು ಕೇಳಿದರೆ ಅದು ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಕುದಿಸಿದ ನೀರಿನ ಬಟ್ಟಲು. ಅದು ನೀಲಿಯಾಗಿಯೇ ಉಳಿದರೆ, ಮೊದಲನೆಯದರಲ್ಲಿ ಕೆಲಸ ಮಾಡಿದ್ದು ಬಿಸಿಗೆ ಕೆಡುವ ಕಿಣ್ವವೇ. ಎರಡೂ ಬಟ್ಟಲುಗಳ ಬಣ್ಣ ಒಟ್ಟಿಗೇ ಹೋದರೆ ಕಿಣ್ವದ ಹೆಸರು ಹೇಳುವ ಹಾಗಿಲ್ಲ. ಅಯೋಡಿನ್ ಹನಿ ದೊಡ್ಡದು ಮಾಡಿ ಮತ್ತೆ ನೋಡಬೇಕು.

ಕೊನೆಗೆ ಅದೇ ಕಿಣ್ವದ ನೀರನ್ನು ಬೇಯಿಸದ ಕಾರ್ನ್‌ಫ್ಲೋರ್ ಕದಡಿದ ತಣ್ಣೀರಿಗೆ ಹಾಕಿ ಹನಿ ಪರೀಕ್ಷೆ ಮಾಡಿ. ನೀಲಿ ಬಹಳ ಹೊತ್ತು ಹೋಗುವುದಿಲ್ಲ. ಹಸಿ ಕಣದಲ್ಲಿ ಸರಪಳಿಗಳು ಒತ್ತೊತ್ತಾಗಿ ಜೋಡಿಸಿಕೊಂಡಿದ್ದು, ಕಿಣ್ವ ಒಳಗೆ ನುಸುಳುವುದು ಕಷ್ಟ. ನೀರಿನಲ್ಲಿ ಬೇಯಿಸಿದಾಗ ಕಣ ಉಬ್ಬಿ ಬಿಚ್ಚಿಕೊಳ್ಳುತ್ತದೆ. ಹಸಿ ಅಕ್ಕಿಗಿಂತ ಅನ್ನ ಸುಲಭವಾಗಿ ಜೀರ್ಣವಾಗಲು ಇದೊಂದು ಮುಖ್ಯ ಕಾರಣ.